5 ಲಕ್ಷ ಬಳಕೆದಾರರಿದ್ದರೂ ಬಾಗಿಲು ಮುಚ್ಚಿದ 'ಕೈಟ್': ಒಳ್ಳೆಯ ಸಾಫ್ಟ್‌ವೇರ್ ಟೂಲ್‌ಗಳು ಸೋಲುವುದೇಕೆ?

ಪ್ರತಿ ತಿಂಗಳು 5 ಲಕ್ಷ ಪ್ರೋಗ್ರಾಮರ್‌ಗಳು ಬಳಸುತ್ತಿದ್ದ ಟೂಲ್ ಅದು. ಜಾಹೀರಾತಿಗೆ ಹೆಚ್ಚೇನೂ ಖರ್ಚು ಮಾಡದೆ ಗಳಿಸಿದ ಜನಪ್ರಿಯತೆ. ಆದರೂ ಅಮೆರಿಕದ 'ಕೈಟ್' ಕಂಪನಿ 2022ರ ನವೆಂಬರ್‌ನಲ್ಲಿ ಅಂಗಡಿ ಮುಚ್ಚುತ್ತಿರುವುದಾಗಿ ಪ್ರಕಟಿಸಿತು.

2014ರಲ್ಲಿ ಆಡಂ ಸ್ಮಿತ್ ಆರಂಭಿಸಿದ ಕೈಟ್, ಕೋಡ್ ಬರೆಯುತ್ತಿರುವಾಗಲೇ ಮುಂದೇನು ಬರೆಯಬೇಕೆಂದು ಎಐ ನೆರವಿನಿಂದ ಸೂಚಿಸುತ್ತಿತ್ತು. ಚಾಟ್‌ಜಿಪಿಟಿಯ ಹೆಸರೇ ಇಲ್ಲದ ಕಾಲವದು. ಹಾಗಿದ್ದರೆ ಎಡವಿದ್ದೆಲ್ಲಿ?

ಸ್ಮಿತ್ ಅವರೇ ಮುಖ್ಯವಾಗಿ ಎರಡು ಕಾರಣ ಕೊಟ್ಟಿದ್ದರು. ಒಂದು, ತಂತ್ರಜ್ಞಾನ ಇನ್ನೂ ಪಕ್ವವಾಗಿರಲಿಲ್ಲ. ಇನ್ನೊಂದು, ದುಡ್ಡು. ಪ್ರೋಗ್ರಾಮರ್‌ಗಳು ಟೂಲನ್ನು ಮೆಚ್ಚುತ್ತಾರೆ, ಆದರೆ ಸ್ವಂತ ಜೇಬಿನಿಂದ ಹಣ ಕೊಡುವುದಿಲ್ಲ. ಕೊಡಬಲ್ಲವರು ಅವರ ಮ್ಯಾನೇಜರ್‌ಗಳು. ತಂಡದ ಕೆಲಸ ಶೇ.18ರಷ್ಟು ಚುರುಕಾಗುತ್ತದೆ ಎಂದರೂ ಅವರು ಜಗ್ಗಲಿಲ್ಲ.

ಬಳಸುವವರು ಒಬ್ಬರು, ಬಿಲ್ ಕಟ್ಟುವವರು ಇನ್ನೊಬ್ಬರು. ಬಹಳಷ್ಟು ಟೂಲ್‌ಗಳು ಮುಗ್ಗರಿಸುವುದು ಇಲ್ಲಿಯೇ.

ದೊಡ್ಡವರ 'ಉಚಿತ' ಪೈಪೋಟಿ

ಉಚಿತವಾಗಿ ಕೊಟ್ಟರೆ ಗೆಲುವು ಖಚಿತವೇ? ಅದೂ ಇಲ್ಲ. ಗಿಟ್‌ಹಬ್‌ನ 'ಆಟಮ್' ಎಡಿಟರ್ 2014ರಿಂದಲೇ ಉಚಿತವಾಗಿತ್ತು. ಅದಕ್ಕಾಗಿ ರೂಪುಗೊಂಡ 'ಎಲೆಕ್ಟ್ರಾನ್' ತಂತ್ರಜ್ಞಾನದ ಮೇಲೆಯೇ ಮೈಕ್ರೋಸಾಫ್ಟ್ 2015ರಲ್ಲಿ 'ವಿಎಸ್ ಕೋಡ್' ತಂದಿತು. ಅದೂ ಉಚಿತ. 2018ರಲ್ಲಿ ಗಿಟ್‌ಹಬ್ ಮೈಕ್ರೋಸಾಫ್ಟ್ ಪಾಲಾಯಿತು. 2022ರ ಡಿಸೆಂಬರ್‌ನಲ್ಲಿ ಆಟಮ್ ಕಥೆ ಮುಗಿಯಿತು.

ಸಾವರಿಸಿಕೊಂಡವರೂ ಇದ್ದಾರೆ. ಜಗತ್ತಿನಾದ್ಯಂತ ಬಳಕೆಯಲ್ಲಿದ್ದ 'ಡಾಕರ್', ಆದಾಯ ಸಾಲದೆ 2019ರಲ್ಲಿ ತನ್ನ ಎಂಟರ್‌ಪ್ರೈಸ್ ವ್ಯವಹಾರವನ್ನೇ ಮಾರಿತು. 2021ರಲ್ಲಿ ದಾರಿ ಬದಲಿಸಿ, 'ಡಾಕರ್ ಡೆಸ್ಕ್‌ಟಾಪ್' ಬಳಸುವ ದೊಡ್ಡ ಕಂಪನಿಗಳಿಗೆ ಶುಲ್ಕ ವಿಧಿಸಿತು. ವೈಯಕ್ತಿಕ ಬಳಕೆದಾರರಿಗೆ, ಸಣ್ಣ ಸಂಸ್ಥೆಗಳಿಗೆ ಉಚಿತವಾಗಿಯೇ ಉಳಿಸಿತು. ಬಿಲ್ ಕಟ್ಟುವವರು ಯಾರೆಂದು ಅದಕ್ಕೆ ಕೊನೆಗೂ ಗೊತ್ತಾಗಿತ್ತು.

ನಮಗೇನು ಪಾಠ?

ಪುಣೆ, ಹೈದರಾಬಾದ್, ಚೆನ್ನೈಗಳ ಐಟಿ ಕಚೇರಿಗಳಲ್ಲಿ ದುಡಿಯುವ ಕನ್ನಡಿಗರಿಗೆ ಇದು ದೂರದ ಸುದ್ದಿಯಲ್ಲ. ಈಗ ಎಐ ಕೋಡಿಂಗ್ ಟೂಲ್‌ಗಳ ಸುಗ್ಗಿ. ಯಾವುದನ್ನಾದರೂ ನೆಚ್ಚಿಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ: ಇದಕ್ಕೆ ಹಣ ಕೊಡುತ್ತಿರುವವರು ಯಾರು? ಕಂಪನಿ ಮುಚ್ಚಿದರೆ ನಮ್ಮ ಕೆಲಸವನ್ನು ಬೇರೆಡೆಗೆ ಸಾಗಿಸಬಹುದೇ? ಅದರ ಮೂಲ ಕೋಡ್ ಎಲ್ಲರಿಗೂ ಮುಕ್ತವಾಗಿದೆಯೇ? ಸ್ವಂತ ಟೂಲ್ ಕಟ್ಟುವ ಕನಸಿದ್ದವರು ಮೊದಲ ಪ್ರಶ್ನೆಗೆ ಮೊದಲ ದಿನವೇ ಉತ್ತರ ಹುಡುಕುವುದು ಒಳ್ಳೆಯದು.