ಕಂಪನದ ಲೆಕ್ಕ ಊರಿನ ಕೈಗೂ ಬರಲಿ

2021ರ ಜನವರಿ 21ರ ರಾತ್ರಿ ಶಿವಮೊಗ್ಗ ಸಮೀಪದ ಹುಣಸೋಡಿನಲ್ಲಿ ಕಲ್ಲುಕ್ವಾರಿಯ ಸ್ಫೋಟಕಗಳು ಸಿಡಿದು ಕಾರ್ಮಿಕರು ಜೀವ ತೆತ್ತರು. ದೂರದೂರದ ಜನ ಭೂಕಂಪವೆಂದೇ ಬಗೆದು ಮನೆಯಿಂದ ಹೊರಗೋಡಿದರು. ಅಂಬ್ಲಿಗೊಳ ಜಲಾಶಯವನ್ನು ನಂಬಿ ಬದುಕುವ ಶಿಕಾರಿಪುರ, ಸೊರಬ ಸೀಮೆಯ ರೈತರು ಅಂದಿನಿಂದ ಕೇಳಬೇಕಾಗಿರುವ ಪ್ರಶ್ನೆ ಒಂದೇ: ನೆಲ ನಡುಗಿದಾಗ ಏರಿ ಹೇಗೆ ಸ್ಪಂದಿಸುತ್ತದೆ ಎಂಬುದರ ದಾಖಲೆ ಎಲ್ಲಿದೆ?

‘ಬಿರುಕು ಕಾಣುತ್ತಿಲ್ಲ, ಆದ್ದರಿಂದ ಭಯವಿಲ್ಲ’ ಎಂಬುದು ಸಮಾಧಾನದ ಮಾತೇ ಹೊರತು ವಿಜ್ಞಾನವಲ್ಲ. ತಳ್ಳಿಬಿಟ್ಟ ಉಯ್ಯಾಲೆ ತನ್ನದೇ ಲಯದಲ್ಲಿ ತೂಗಿ ಕ್ರಮೇಣ ನಿಲ್ಲುವಂತೆ ಪ್ರತಿಯೊಂದು ಕಟ್ಟಡವೂ ತನ್ನ ಸಹಜ ಆವೃತ್ತಿಯಲ್ಲಿ ಕಂಪಿಸಿ ಅಡಗುತ್ತದೆ. ಈ ಅಡಗುವಿಕೆಯೇ ಅವಮಂದನ. ಸಂವೇದಕದ ಗೆರೆ ಸೆಕೆಂಡಿಗೆ 4 ಬಾರಿ ಏರಿಳಿದರೆ ಆವೃತ್ತಿ 4 ಹರ್ಟ್ಸ್. ಒಂದು ಶಿಖರ 10 ಇದ್ದು ಮುಂದಿನದು 8ಕ್ಕೆ ಇಳಿದರೆ, ಆ ಅನುಪಾತದ ಸ್ವಾಭಾವಿಕ ಲಾಗರಿದಮ್ 0.223, ಅದನ್ನು 6.28ರಿಂದ ಭಾಗಿಸಿದರೆ ಅವಮಂದನ ಸುಮಾರು ಶೇ. 3.5. ಇದು ಪಿಯುಸಿ ವಿದ್ಯಾರ್ಥಿಯೂ ಮಾಡಬಲ್ಲ ಲೆಕ್ಕ. ತೂಕ ಬದಲಾಗದೆ ಬಿಗುವು ಶೇ. 19ರಷ್ಟು ಕುಗ್ಗಿದರೆ ಆವೃತ್ತಿ ಶೇ. 10ರಷ್ಟು ಇಳಿಯುತ್ತದೆ. ಕಣ್ಣಿಗೆ ಕಾಣದ ದೌರ್ಬಲ್ಯವನ್ನು ಗೆರೆ ಹೇಳಬಲ್ಲದು.

ಆದರೆ ನೀರಿನ ಮಟ್ಟ, ಮಣ್ಣಿನ ತೇವ ಬದಲಾದರೂ ಆವೃತ್ತಿ ಬದಲಾಗುತ್ತದೆ. ಆದ್ದರಿಂದ ಒಂದು ದಿನದ ಪರೀಕ್ಷಾರ್ಥ ಸ್ಫೋಟ ನಡೆಸಿ ‘ಎಲ್ಲವೂ ಮಿತಿಯೊಳಗಿದೆ’ ಎನ್ನುವುದು ಜನರ ಕಣ್ಣಿಗೆ ಮಣ್ಣೆರಚಿದಂತೆ. ಬೇಸಿಗೆಯಲ್ಲೂ ತುಂಬಿದ ಮಳೆಗಾಲದಲ್ಲೂ, ವರ್ಷದಿಂದ ವರ್ಷಕ್ಕೆ, ಅದೇ ಜಾಗದಲ್ಲಿ ಅಳೆದರೆ ಮಾತ್ರ ಹೋಲಿಕೆಗೆ ಅರ್ಥ. ಏರಿಯ ಒಳಗಿನ ಜಿನುಗನ್ನು ಕಂಪನದ ಅಳತೆಯೊಂದೇ ಹಿಡಿಯಲಾರದು; ಜಿನುಗುನೀರಿನ ಲೆಕ್ಕವೂ ಜೊತೆಗಿರಬೇಕು.

1967ರ ಡಿಸೆಂಬರ್ 11ರ ಭೂಕಂಪದಲ್ಲಿ 103 ಮೀಟರ್ ಎತ್ತರದ ಕೊಯ್ನಾ ಅಣೆಕಟ್ಟೇ ಬಿರುಕುಬಿಟ್ಟಿತು. ಕೃಷ್ಣರಾಜಸಾಗರದ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ, ಅಧ್ಯಯನ ಮುಗಿಯುವವರೆಗೆ, ಗಣಿಗಾರಿಕೆ ನಿಲ್ಲಿಸುವಂತೆ ಹೈಕೋರ್ಟ್ 2024ರ ಜನವರಿಯಲ್ಲಿ ಆದೇಶಿಸಿತು. ದೊಡ್ಡ ಅಣೆಕಟ್ಟಿಗೆ ಸಲ್ಲುವ ಎಚ್ಚರ ಮಲೆನಾಡಿನ ಸೆರಗಿನ ಜಲಾಶಯಕ್ಕೆ ಏಕೆ ಸಲ್ಲಬಾರದು? ಇಲ್ಲಿನ ಗದ್ದೆಗಳಿಗೆ ಬೆಲೆಯಿಲ್ಲವೇ?

ದಾಖಲೆ ಇದ್ದರೆ ಗ್ರಾಮ ಪಂಚಾಯಿತಿಯ ಸೂಚನಾ ಫಲಕಕ್ಕೆ ಬರಲಿ. ಇಲ್ಲದಿದ್ದರೆ ಅಳತೆ ಇಂದೇ ಆರಂಭವಾಗಲಿ. ಅಲ್ಲಿಯವರೆಗೆ ಏರಿಯ ಆಸುಪಾಸಿನಲ್ಲಿ ಒಂದು ಕುಳಿಯನ್ನೂ ಸಿಡಿಸಲು ಗ್ರಾಮಸಭೆಗಳು ಒಪ್ಪಬಾರದು. ಏರಿ ಒಡೆದ ಮೇಲೆ ಬರೆಯುವ ವರದಿ ಯಾರ ಗದ್ದೆಯನ್ನೂ ಮರಳಿಸದು.