ಅವರು ಕುಡಿದರೆ ದ್ರಾಕ್ಷಾರಸ, ನಾವು ಕುಡಿದರೆ ಹೆಂಡ

ದ್ರಾಕ್ಷಿ ಕೊಳೆ ಹಾಕಿದರೆ ಸಂಸ್ಕೃತಿ. ಬೆಲ್ಲ ಕೊಳೆ ಹಾಕಿದರೆ ಕೇಸು. ಈ ರಾಜ್ಯದ ಅಬಕಾರಿ ನೀತಿಯನ್ನ ಎರಡು ಸಾಲಲ್ಲಿ ಹೇಳು ಅಂದ್ರೆ ನಾನು ಹೇಳೋದು ಇಷ್ಟೇ. ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಪೂರ್ತಿ ಓದಿ.

ಚಾಮರಾಜಪೇಟೆಯ ನಮ್ಮ ರಸ್ತೆಯ ವಾಟ್ಸ್ಆಪ್ ಗ್ರೂಪಿಗೆ ಹೋದ ವಾರ ಒಂದು ಜಾಹೀರಾತು ಬಂತು. 'ಇಟಲಿಗೆ ಹೋಗದೆ ಇಟಲಿ ಹಳ್ಳಿಯ ಅನುಭವ' ಅಂತ. ಬೆಳಗ್ಗೆ ಮನೆ ಬಾಗಿಲಿಗೆ ಕಾರು ಬರುತ್ತೆ, 50-60 ಕಿಲೋಮೀಟರ್ ದೂರದ ನಂದಿ ಬೆಟ್ಟದ ತಪ್ಪಲಿಗೆ ಕರೆದುಕೊಂಡು ಹೋಗ್ತಾರೆ, ದ್ರಾಕ್ಷಿ ತೋಟದಲ್ಲಿ ನಡೆದಾಟ, ನಾಲ್ಕು ಥರದ ವೈನ್ ರುಚಿ, ಜೊತೆಗೆ ಚೀಸು, ಬರಿಗಾಲಲ್ಲಿ ದ್ರಾಕ್ಷಿ ತುಳಿಯೋ ಆಟ, ಸಂಜೆಗೆ ವಾಪಸ್. ಗ್ರೂಪಿನಲ್ಲಿ ಹಾರ್ಟ್ ಸಿಂಬಲ್‌ಗಳ ಮಳೆ. ರಜೆಯಲ್ಲಿ ಟಸ್ಕನಿಗೇ ಹೋಗಿ ಬಂದಿದ್ದ ಒಬ್ಬರು ಅಲ್ಲಿನ ತೋಟದ ಫೋಟೋ ಹಾಕಿ, 'ಅಲ್ಲಿ ವೈನ್ ಅನ್ನೋದು ಕುಡಿತ ಅಲ್ಲ, ಜೀವನಶೈಲಿ' ಅಂತ ಪಾಠ ಮಾಡಿದರು.

ಇದೇ ಗ್ರೂಪಿನಲ್ಲಿ ಅದಕ್ಕೆ ಒಂದು ತಿಂಗಳ ಹಿಂದೆ ಇನ್ನೊಂದು ಚರ್ಚೆ ನಡೆದಿತ್ತು. ಮೈಸೂರು ರಸ್ತೆ ಕಡೆಯ ಒಂದು ಬ್ರಾಂದಿ ಅಂಗಡಿ ಮುಂದೆ ಸಂಜೆ ಹೊತ್ತು ಗಾರೆ ಕೆಲಸದವರು, ಲೋಡರ್‌ಗಳು, ಪೌರಕಾರ್ಮಿಕರು ನಿಂತು ಕುಡೀತಾರೆ ಅಂತ. 'ಆ ಜನ ಏರಿಯಾ ಹಾಳು ಮಾಡ್ತಿದ್ದಾರೆ, ಪೊಲೀಸರಿಗೆ ಹೇಳಿ' ಅಂತ. 'ಆ ಜನ' ಅಂದ್ರೆ ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಇಡೀ ದಿನ ಈ ಊರಿನ ಕಸ ಹೊತ್ತು, ಮ್ಯಾನ್‌ಹೋಲ್ ವಾಸನೆ ಮೂಗಿಂದ ಹೋಗಲಿ ಅಂತ 90 ಎಂಎಲ್ ಟೆಟ್ರಾ ಪ್ಯಾಕ್ ಹರಿದು ಕುಡಿಯೋನು ಕುಡುಕ. ಶನಿವಾರ ಕಾರಲ್ಲಿ ಹೋಗಿ ನಾಲ್ಕು ಗ್ಲಾಸ್ ಇಳಿಸೋರು ರಸಿಕರು.

ಇನ್ನೊಂದು ಮಾತು. ನಾನು ಈ ಪೇಟೆಯಲ್ಲಿ ಬಾಡಿಗೆ ಮನೆ ಹುಡುಕುವಾಗ ಎಷ್ಟೋ ಬಾಗಿಲಲ್ಲಿ ಕೇಳಿದ ಮೊದಲ ಪ್ರಶ್ನೆ, 'ನೀವು ವೆಜ್ಜಾ?' ಅಂತ. ಮಾಂಸ ತಿಂದ್ರೆ ಮನೆ ಮೈಲಿಗೆ. ವೈನ್ ಬಾಟಲಿ ಫ್ರಿಜ್ಜಲ್ಲಿ ಇದ್ರೆ ಮೈಲಿಗೆ ಇಲ್ಲ. ಮಡಿಗೂ ಇಟಾಲಿಯನ್ ರಿಯಾಯಿತಿ ಉಂಟು ಅಂತ ಆಮೇಲೆ ಗೊತ್ತಾಯ್ತು.

ಈಗ ಸರ್ಕಾರದ ಲೆಕ್ಕಕ್ಕೆ ಬರೋಣ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆಯ್ತು. ಅದೇ 2007ರಲ್ಲಿ ಈ ರಾಜ್ಯ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂತು. ವೈನ್‌ಗೆ ಅಂತಲೇ ಒಂದು ಮಂಡಳಿ ಬಂತು, ಉತ್ಸವಗಳು ಬಂದವು, ರಿಯಾಯಿತಿಗಳು ಬಂದವು. ಒಂದೇ ವರ್ಷ, ಒಂದೇ ಸರ್ಕಾರ, ಒಂದು ಕೈಯಲ್ಲಿ ಬೀಗ, ಇನ್ನೊಂದು ಕೈಯಲ್ಲಿ ರಿಬ್ಬನ್ ಕತ್ತರಿ. ಹೆಸರು ನೋಡಿ: ದ್ರಾಕ್ಷಾರಸ ಮಂಡಳಿ. ರಸ! ಈಚಲು ಮರದಿಂದ ಇಳಿಸಿದ್ದು ಹೆಂಡ, ಅದನ್ನ ಕುಡಿದವನು ಹೆಂಡಗುಡುಕ. ದ್ರಾಕ್ಷಿಯಿಂದ ಇಳಿಸಿದ್ದು ರಸ, ಅದನ್ನ ಕುಡಿದವನಿಗೆ ಬೈಗುಳವೇ ಹುಟ್ಟಿಲ್ಲ. 'ದ್ರಾಕ್ಷಾರಸಗುಡುಕ' ಅಂತ ಯಾರಾದ್ರೂ ಬೈದಿದ್ದು ಕೇಳಿದ್ದೀರಾ?

ಸಾರಾಯಿ ನಿಷೇಧ ಆದ ಮೇಲೆ ಬಡವರು ಕುಡಿಯೋದು ನಿಂತಿತಾ? 2008ರ ಮೇ ತಿಂಗಳಲ್ಲಿ, ನಿಷೇಧಕ್ಕೆ ವರ್ಷ ತುಂಬೋದ್ರೊಳಗೆ, ಬೆಂಗಳೂರು, ಆನೇಕಲ್, ಕೋಲಾರ, ಗಡಿಯಾಚೆ ಕೃಷ್ಣಗಿರಿ ಸೀಮೆಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅದಕ್ಕೂ ಹಿಂದೆ, 1981ರ ಜುಲೈನಲ್ಲಿ, ಇದೇ ಬೆಂಗಳೂರಲ್ಲಿ ವಿಷ ಬೆರೆತ ಮದ್ಯಕ್ಕೆ ಮುನ್ನೂರಕ್ಕೂ ಹೆಚ್ಚು ಜನ ಬಲಿಯಾದರು. ಎರಡು ಸಲವೂ ಹೆಣಗಳು ಎದ್ದಿದ್ದು ಕೇರಿಗಳಿಂದ, ಕೊಳೆಗೇರಿಗಳಿಂದ, ಕೂಲಿ ಲೈನ್‌ಗಳಿಂದ. ವೈನ್ ಟೇಸ್ಟಿಂಗಿಗೆ ಹೋಗಿ ಕಣ್ಣು ಕಳಕೊಂಡವರ ಸುದ್ದಿ ನೀವು ಓದಿರಲ್ಲ.

ಬದುಕಿ ಉಳಿದವರು ಸಾರಾಯಿ ಪ್ಯಾಕೆಟ್‌ನಿಂದ ಅಗ್ಗದ ವಿಸ್ಕಿ ಕ್ವಾರ್ಟರ್‌ಗೆ ಬಂದರು. ಮಾರೋದು ಯಾರು? ಸರ್ಕಾರದ್ದೇ ಎಂಎಸ್‌ಐಎಲ್ ಮಳಿಗೆಯೂ ಮಾರುತ್ತೆ. 2025-26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಸಂವಿಧಾನದ 47ನೇ ವಿಧಿ ಮಾದಕ ಪಾನೀಯ ನಿಷೇಧಕ್ಕೆ ಪ್ರಯತ್ನ ಮಾಡು ಅಂತ ಸರ್ಕಾರಕ್ಕೆ ಹೇಳುತ್ತೆ. ನಮ್ಮ ಸರ್ಕಾರ ಕುಡಿಸೋದಕ್ಕೆ ಟಾರ್ಗೆಟ್ ಇಟ್ಟುಕೊಳ್ಳುತ್ತೆ. ಯಾವ ಪಕ್ಷ ಅಂತ ಕೇಳಬೇಡಿ, ಈ ವಿಷಯದಲ್ಲಿ ಮೂರೂ ಪಕ್ಷಗಳದ್ದು ಒಂದೇ ಗ್ಲಾಸು.

ಬೆಲೆಯ ಕಥೆ ಇನ್ನೂ ಚೆನ್ನಾಗಿದೆ. 2023ರ ಜುಲೈನಲ್ಲಿ ವಿಸ್ಕಿ-ಬ್ರಾಂದಿ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನ ಎಲ್ಲಾ 18 ಸ್ಲ್ಯಾಬ್‌ಗಳಿಗೂ ಶೇ. 20 ಏರಿಸಿದರು. ಅಗ್ಗದ ಕ್ವಾರ್ಟರ್‌ಗೂ ಏರಿತು. 2024ರ ಆಗಸ್ಟ್‌ನಲ್ಲಿ ಸ್ಲ್ಯಾಬ್‌ಗಳನ್ನ 16ಕ್ಕೆ ಇಳಿಸಿ ದುಬಾರಿ ಮದ್ಯದ ಬೆಲೆ ಇಳಿಸಿದರು. ಕಾರಣ ಏನು? ನೆರೆ ರಾಜ್ಯಗಳಲ್ಲಿ ಕಡಿಮೆ ಇದೆ, ಗಿರಾಕಿ ಆ ಕಡೆ ಹೋಗ್ತಾರೆ ಅಂತ. ಶ್ರೀಮಂತನ ಗ್ಲಾಸಿನ ಚಿಂತೆ ಸರ್ಕಾರಕ್ಕೆ ಎಷ್ಟು ನೋಡಿ. ಕೂಲಿಯವನು ಕ್ವಾರ್ಟರ್ ತರೋಕೆ ಹೊಸೂರಿಗೆ ಹೋಗಲ್ಲ, ಇಲ್ಲೇ ಕೊಡ್ತಾನೆ, ಅದಕ್ಕೇ ಅವನ ಹತ್ತಿರ ಕಿತ್ತುಕೊಳ್ಳಬಹುದು.

ಇನ್ನು ಆ 'ಹಳ್ಳಿಯ ಅನುಭವ'ದ ವಿಷಯ. ದ್ರಾಕ್ಷಿ ತೋಟದ ಅನುಭವ ನಮ್ಮ ಮನೆಗೂ ಇದೆ. ನಮ್ಮವ್ವ ದೊಡ್ಡಬಳ್ಳಾಪುರದ ಕಡೆ ನೀಲಿ ದ್ರಾಕ್ಷಿ ತೋಟಗಳಲ್ಲಿ ಹದಿನೈದು ವರ್ಷ ಕೂಲಿ ಮಾಡಿದೋಳು. ಬೆಂಗಳೂರು ಬ್ಲೂ ಅಂತೀವಲ್ಲ, ಆ ಹಣ್ಣು. ಅದಕ್ಕೆ ಈಗ ಜಿಐ ಟ್ಯಾಗ್ ಕೂಡ ಇದೆ. ಚಪ್ಪರದ ಮೇಲೆ ಬೆಳೆಯೋ ಬಳ್ಳಿ ಅದು. ಕೆಳಗೆ ನಿಂತು ಬೆಳಗಿನಿಂದ ಸಂಜೆವರೆಗೂ ಕೈ ಎತ್ತಿಕೊಂಡೇ ಕೆಲಸ. ಕತ್ತು ಹಿಂದಕ್ಕೆ ಬಗ್ಗಿಸಿ ಗೊಂಚಲು ಬಿಡಿಸಬೇಕು, ಕ್ರೇಟು ತುಂಬಬೇಕು, ತಲೆ ಮೇಲೆ ಹೊತ್ತು ಗಾಡಿಗೆ ಹಾಕಬೇಕು. ಇವತ್ತಿಗೂ ಆಕೆಗೆ ಕೈ ಭುಜದಿಂದ ಮೇಲಕ್ಕೆ ಏಳಲ್ಲ.

ವೈನ್ ಪಟ್ಟಿಯಲ್ಲಿ 'ಬೋರ್ಡೋ' ಅಂದ್ರೆ ನಿಮಗೆ ಫ್ರಾನ್ಸಿನ ಬಾಟಲಿ ಕಾಣುತ್ತೆ. ನಮ್ಮವ್ವನಿಗೂ ಬೋರ್ಡೋ ಗೊತ್ತು. ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಮಾಡೋ ಬೋರ್ಡೋ ದ್ರಾವಣ. ಬಳ್ಳಿಗೆ ಬೂಜುರೋಗ ಬರದಿರಲಿ ಅಂತ ಅದೇ ಬೋರ್ಡೋ ಸೀಮೆಯಲ್ಲಿ 1880ರ ದಶಕದಲ್ಲಿ ಕಂಡುಹಿಡಿದಿದ್ದು. ಗಂಡಸರು ಸಿಂಪಡಿಸೋರು, ಹೆಂಗಸರು ಡ್ರಮ್ಮಿಗೆ ನೀರು ಹೊತ್ತು ಹಾಕಿ ಕಲಸೋರು. ಗ್ಲೌಸ್ ಇಲ್ಲ, ಮಾಸ್ಕ್ ಇಲ್ಲ. ಸಂಜೆ ಮನೆಗೆ ಬಂದಾಗ ಆಕೆಯ ಕೈ ನೀಲಿ, ಉಗುರ ಸಂದಿ ನೀಲಿ. ಅದೇ ಕೈಯಲ್ಲಿ ನಮಗೆ ಮುದ್ದೆ ಕಟ್ಟೋಳು. ಒಂದೇ ಪದ, ಎರಡು ಜಾತಿ.

ಒಂದು ಬಾಟಲಿ ವೈನ್‌ಗೆ ಹೆಚ್ಚುಕಡಿಮೆ ಒಂದು ಕೆಜಿ ದ್ರಾಕ್ಷಿ ಬೇಕು. ಟೂರ್ ಗೈಡ್ ಮಣ್ಣಿನ ಗುಣ ಹೇಳ್ತಾನೆ, ಬೆಟ್ಟದ ಗಾಳಿ ಹೇಳ್ತಾನೆ, ಫ್ರೆಂಚ್ ತಳಿಯ ವಂಶಾವಳಿ ಹೇಳ್ತಾನೆ. ಆ ಒಂದು ಕೆಜಿ ಬಿಡಿಸಿದವಳ ಕೂಲಿ ಎಷ್ಟು ಅಂತ ಹೇಳಲ್ಲ. ಹೇಳಿದ್ರೆ ರುಚಿ ಕೆಡುತ್ತೆ.

'ನಮ್ಮಲ್ಲಿ ಹಾಗೆ, ಇಟಲಿಯಲ್ಲಿ ಹಾಗಲ್ಲ' ಅಂತೀರಾ? ಫೋಟೋದಲ್ಲಿ ನೋಡಿ ನಿಟ್ಟುಸಿರು ಬಿಟ್ರಲ್ಲ, ಟಸ್ಕನಿಯ ಗುಡ್ಡದ ಮೇಲಿನ ಆ ಕಲ್ಲಿನ ಮನೆಗಳು, ಅವುಗಳಲ್ಲಿ ಬಹುಪಾಲು ಗೇಣಿದಾರರು ಬದುಕಿದ್ದ ಮನೆಗಳು. ಆ ಪದ್ಧತಿಗೆ ಮೆಜ್ಜಾದ್ರಿಯಾ ಅಂತ ಹೆಸರು. ದುಡಿಯೋನು ಇಡೀ ಕುಟುಂಬ ಸಮೇತ ದುಡಿದು ಬೆಳೆಯ ಅರ್ಧವನ್ನ ಧಣಿಗೆ ಅಳೆಯಬೇಕು. ಹೊಸದಾಗಿ ಅಂಥ ಕರಾರು ಮಾಡಬಾರದು ಅಂತ ಕಾನೂನು ಬಂದಿದ್ದು 1964ರಲ್ಲಿ. ಗೇಣಿದಾರರು ಬಿಟ್ಟು ಹೋದ ಮನೆಗಳಿಗೆ ಸುಣ್ಣ ಬಣ್ಣ ಹೊಡೆದು ಈಗ ಪ್ರವಾಸಿಗರಿಗೆ ಕೊಡ್ತಾರೆ.

ಅದು ಹಳೇ ಕಥೆ ಅಂದ್ರೆ ಹೊಸದು ಕೇಳಿ. 2015ರ ಜುಲೈನಲ್ಲಿ, ಇಟಲಿಯ ದಕ್ಷಿಣದ ಪುಲಿಯಾದಲ್ಲಿ, ಪಾವೊಲಾ ಕ್ಲೆಮೆಂತೆ ಅನ್ನೋ 49 ವರ್ಷದ ತಾಯಿ ದ್ರಾಕ್ಷಿ ಗೊಂಚಲು ಸವರುತ್ತಾ ತೋಟದಲ್ಲೇ ಕುಸಿದು ಸತ್ತಳು. ಗಂಟೆಗೆ ಸಿಗುತ್ತಿದ್ದದ್ದು ಸುಮಾರು 2 ಯೂರೋ. ಕೂಲಿಯವರನ್ನ ಸೇರಿಸಿ, ಬಸ್ಸಲ್ಲಿ ತುಂಬಿ, ಅವರ ದುಡಿಮೆಯಲ್ಲಿ ಪಾಲು ಹೊಡೆಯೋನಿಗೆ ಅಲ್ಲಿ ಕಪೊರಾಲೆ ಅಂತಾರೆ. ನಮ್ಮಲ್ಲಿ ಮೇಸ್ತ್ರಿ ಅಂತೀವಿ. ಆ ಸಾವು ಎಬ್ಬಿಸಿದ ಸಿಟ್ಟಿನಿಂದ 2016ರಲ್ಲಿ ಮೇಸ್ತ್ರಿ ಪದ್ಧತಿ ವಿರುದ್ಧ ಕಾನೂನು ಬಂತು. ಆದರೂ 2024ರ ಜೂನ್‌ನಲ್ಲಿ, ರೋಮ್ ಪಕ್ಕದ ಲಾತಿನಾ ಸೀಮೆಯ ಹೊಲದಲ್ಲಿ, ಪಂಜಾಬಿನಿಂದ ಹೋಗಿದ್ದ ಸತ್ನಾಮ್ ಸಿಂಗ್ ಅವರ ತೋಳು ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಆಸ್ಪತ್ರೆಗೆ ಒಯ್ಯೋ ಬದಲು ಅವರನ್ನ ಅವರ ಮನೆ ಮುಂದೆ ಬಿಟ್ಟು ಹೋದರು, ತುಂಡಾದ ತೋಳು ಹಣ್ಣಿನ ಕ್ರೇಟಿನಲ್ಲಿ ಇತ್ತು. ಎರಡು ದಿನಕ್ಕೆ ಸತ್ತರು. ಮರುತಿಂಗಳು ವೆರೋನಾ ಸೀಮೆಯಲ್ಲಿ ಜೀತದಂಥ ಸ್ಥಿತಿಯಲ್ಲಿದ್ದ 33 ಭಾರತೀಯ ಕೃಷಿ ಕೂಲಿಗಳನ್ನ ಪೊಲೀಸರು ಬಿಡಿಸಿದರು. ಅವರನ್ನ ಹಾಗಿಟ್ಟ ಆರೋಪ ಇದ್ದದ್ದು ಭಾರತದಿಂದಲೇ ಹೋದ ಮೇಸ್ತ್ರಿಗಳ ಮೇಲೆ. ವೆರೋನಾ ಅಂದ್ರೆ ಗೊತ್ತಲ್ಲ, ಟೂರ್ ಪ್ಯಾಕೇಜಲ್ಲಿ ವೈನ್ ಸೀಮೆ ಅಂತ ಬರುತ್ತೆ.

ವೈನ್ ರುಚಿ ನೋಡೋದಕ್ಕೆ ಒಂದು ವಿಧಿ ಇದೆಯಂತೆ. ಗ್ಲಾಸ್ ತಿರುಗಿಸಬೇಕು, ಮೂಸಬೇಕು, ಬಾಯಲ್ಲಿ ಆಡಿಸಬೇಕು, ಆಮೇಲೆ ಪಕ್ಕದಲ್ಲಿಟ್ಟ ಪಾತ್ರೆಗೆ ಉಗಿಯಬೇಕು. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ಉಗುಳು ನೆಲಕ್ಕೆ ಬೀಳಬಾರದು ಅಂತ ಕೊರಳಿಗೆ ಮಡಕೆ ಕಟ್ಟಿಕೊಂಡು ಓಡಾಡಬೇಕಿತ್ತು ಅನ್ನೋದನ್ನ ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ದಾಖಲಿಸಿದ್ದಾರೆ. ನಮ್ಮ ಉಗುಳಿಗೆ ಮಡಕೆ ಶಿಕ್ಷೆ, ಇವರ ಉಗುಳಿಗೆ ಪಾತ್ರೆ ಶಿಷ್ಟಾಚಾರ. ಮೇಲಿನ ಕೇರಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದ ನಮ್ಮ ತಾತಂದಿರ ಬರಿಗಾಲು ಅವಮಾನ, ದುಡ್ಡು ಕೊಟ್ಟು ದ್ರಾಕ್ಷಿ ತುಳಿಯೋರ ಬರಿಗಾಲು ಮೋಜು.

ಈಗ ಕಾಮೆಂಟಲ್ಲಿ ಬರೋ ಮೂರು ಮಾತಿಗೆ ಮೊದಲೇ ಉತ್ತರ ಕೊಟ್ಟುಬಿಡ್ತೀನಿ.

'ವೈನ್‌ನಿಂದ ರೈತರಿಗೆ ಒಳ್ಳೆಯದಾಗಿದೆ.' ಆಗಿರಲಿ, ಖುಷಿ. ಮಾರುಕಟ್ಟೆಯಲ್ಲಿ ಹಣ್ಣಿನ ರೇಟು ಬಿದ್ದಾಗ ಕೊಳ್ಳೋರು ಇದ್ರೆ ಬೆಳೆಗಾರನಿಗೆ ಆಸರೆ. ಆದ್ರೆ ರೈತ ಅಂದ್ರೆ ಪಹಣಿಯಲ್ಲಿ ಹೆಸರಿರೋನು. ಕೂಲಿಯವಳ ಹೆಸರು ಪಹಣಿಯಲ್ಲಿ ಇಲ್ಲ, ಮೇಸ್ತ್ರಿಯ ಚೀಟಿಯಲ್ಲಿದೆ. ನೀತಿ ಮಾಡುವಾಗ ಪಹಣಿ ಓದ್ತೀರಿ, ಚೀಟಿ ಯಾಕೆ ಓದಲ್ಲ?

'ಹಾಗಾದ್ರೆ ದಲಿತರು ವೈನ್ ಟೂರಿಗೆ ಹೋಗಬಾರದಾ?' ಧಾರಾಳವಾಗಿ ಹೋಗಲಿ. ನಮ್ಮ ಹುಡುಗ ಹುಡುಗೀರು ಐಟಿಯಲ್ಲಿದ್ದಾರೆ, ಟಸ್ಕನಿಗೂ ಹೋಗ್ತಾರೆ. ಸಂತೋಷ, ಸುಖ ನಮಗೆ ನಿಷಿದ್ಧ ಅಲ್ಲ. ಹೋದ ಮೇಲೆ ತೋಟದ ಕೆಲಸದವರ ಜೊತೆ ಎರಡು ನಿಮಿಷ ಮಾತಾಡಿ ಬನ್ನಿ. ಅಲ್ಲಿ ನಿಮ್ಮ ಚಿಕ್ಕಮ್ಮ ಸಿಕ್ಕರೂ ಸಿಗಬಹುದು.

'ಸಾರಾಯಿ ವಾಪಸ್ ಬೇಕಾ?' ಬೇಡ. ಈ ಪ್ರಶ್ನೆಯನ್ನ ನಮಗೆ ಕೇಳಲೇಬೇಡಿ. 'ಹೆಂಡ ಬೇಡ, ವಸತಿ ಶಾಲೆ ಬೇಕು' ಅಂತ ದಲಿತ ಸಂಘರ್ಷ ಸಮಿತಿ ಬೀದಿಯಲ್ಲಿ ಕೂಗಿದ್ದು ನಿಮ್ಮ ವೈನ್ ನೀತಿ ಹುಟ್ಟೋದಕ್ಕೂ ಮುಂಚೆ. ಕುಡಿದು ಬಂದ ಗಂಡನ ಏಟು ತಿಂದ ನಮ್ಮ ಹೆಂಗಸರಿಗೆ ಮದ್ಯದ ಬಗ್ಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಮದ್ಯ ನಮ್ಮ ಕೇರಿಯನ್ನ ತಿಂದಿದೆ ಅಂತ ಮೊದಲು ಹೇಳಿದೋರೇ ನಾವು. ನಾವು ಕೇಳಿದ್ದರಲ್ಲಿ ಅರ್ಧ ಭಾಗ ಮಾತ್ರ ಸರ್ಕಾರಕ್ಕೆ ಕೇಳಿಸಿತು. ಸಾರಾಯಿ ಮುಚ್ಚಿದರು, ಅದರ ಜಾಗದಲ್ಲಿ ಶಾಲೆ ತೆರೆಯೋ ಬದಲು ಕ್ವಾರ್ಟರ್ ಇಟ್ಟರು.

ಹಾಗಾಗಿ ಕೇಳೋದನ್ನ ನೇರವಾಗಿ ಕೇಳೋಣ.

ಒಂದು, ಅಬಕಾರಿ ಆದಾಯದಲ್ಲಿ ಇಂತಿಷ್ಟು ಪಾಲು ಅಂತ ಬಜೆಟ್ಟಿನಲ್ಲೇ ಬರೆದು ವಸತಿ ಶಾಲೆಗಳಿಗೆ ಮತ್ತು ಕೇರಿಗೆ ಹತ್ತಿರದ ಸರ್ಕಾರಿ ವ್ಯಸನಮುಕ್ತಿ ಕೇಂದ್ರಗಳಿಗೆ ಕೊಡಬೇಕು. ನಮ್ಮ ಅಪ್ಪಂದಿರ ಈರುಳ್ಳಿಯಂಥ ಲಿವರ್ ಸುಲಿದು ತಂದ ದುಡ್ಡು ಅದು, ಅವರ ಮಕ್ಕಳಿಗೆ ವಾಪಸ್ ಬರಬೇಕು.

ಎರಡು, ವೈನ್‌ಗೆ ರಿಯಾಯಿತಿ ಕೊಡುವಾಗ ಷರತ್ತು ಹಾಕಿ. ದ್ರಾಕ್ಷಿ ಬಿಡಿಸೋರಿಗೆ ಕನಿಷ್ಠ ವೇತನ, ಗಂಡಸು ಹೆಂಗಸಿಗೆ ಸಮ ಕೂಲಿ, ಔಷಧಿ ಹೊಡೆಯುವಾಗ ಗ್ಲೌಸು ಮಾಸ್ಕು, ತೋಟದಲ್ಲಿ ಹೆಂಗಸರಿಗೆ ಶೌಚಾಲಯ. ಇವಿಷ್ಟು ಇಲ್ಲದ ತೋಟಕ್ಕೆ ರಿಯಾಯಿತಿ ಇಲ್ಲ.

ಮೂರು, ಟೂರಿಗೆ ಹೋಗೋರು ಗೈಡ್ ಹತ್ತಿರ ಒಂದೇ ಒಂದು ಪ್ರಶ್ನೆ ಕೇಳಿ: 'ಈ ಗೊಂಚಲು ಬಿಡಿಸಿದವರಿಗೆ ದಿನಕ್ಕೆ ಎಷ್ಟು ಕೊಡ್ತೀರಿ?' ಹತ್ತು ಕಾರಿನವರು ಕೇಳಿದ್ರೆ ಹನ್ನೊಂದನೇ ಕಾರು ಬರೋಷ್ಟರಲ್ಲಿ ಮಾಲೀಕ ಉತ್ತರ ರೆಡಿ ಮಾಡಿಕೊಳ್ಳಬೇಕಾಗುತ್ತೆ. ಉತ್ತರ ಸಿಕ್ಕಿದವರು ತೋಟದ ಹೆಸರು ಸಮೇತ ಕಾಮೆಂಟಲ್ಲಿ ಹಾಕಿ, ನಾವು ಪಟ್ಟಿ ಮಾಡ್ತೀವಿ, ಕಾರ್ಮಿಕ ಇಲಾಖೆಗೆ ಒಯ್ದು ಕೊಡ್ತೀವಿ.

ಜೈ ಭೀಮ್.