ಬೀದಿ ಅಗಲವಾಗಲಿ, ಬದುಕು ಕಿರಿದಾಗದಿರಲಿ

ಪಟ್ಟಣದ ನಡುಬೀದಿಗೆ ಹೊಸ ರೂಪ ಕೊಡುತ್ತೇವೆ ಎಂಬ ಮಾತು ನಮ್ಮ ಸಣ್ಣ ಊರುಗಳಿಗೆ ಹೊಸತಲ್ಲ. ಚುನಾವಣೆಯ ಹೊತ್ತಿಗೆ ಅದು ಹುಟ್ಟುತ್ತದೆ, ಬಜೆಟ್ ಸಭೆಯಲ್ಲಿ ಅದಕ್ಕೊಂದು ಹೆಸರು ಬೀಳುತ್ತದೆ, ಬಳಿಕ ಕಡತದೊಳಗೆ ನಿದ್ರೆಗೆ ಜಾರುತ್ತದೆ. ಕಡತ ಮಲಗಿದರೆ ಯಾರಿಗೂ ನಷ್ಟವಿಲ್ಲ ಎಂದು ಅಧಿಕಾರಿಗಳು ಭಾವಿಸಿರಬಹುದು. ಆದರೆ ಆ ಕಡತದ ಮೇಲೆ ಅಂಗಡಿಯಿಟ್ಟು ಬದುಕುವವರು ಮಲಗುವಂತಿಲ್ಲ.

ಕೆಂಭಾವಿ, ಶಹಾಪುರ, ಸುರಪುರದಂತಹ ಊರುಗಳ ಕಡೆ ನೋಡೋಣ. ಕೃಷ್ಣೆಯ ನೀರು ನಾರಾಯಣಪುರದ ಎಡದಂಡೆ ಕಾಲುವೆಯಲ್ಲಿ ಹರಿದ ಮೇಲೆ ಈ ಭಾಗದ ಹೊಲಗಳ ಬಣ್ಣ ಬದಲಾಯಿತು. ಜೋಳದ ನೆಲದಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಬಂದವು. ಬೆಳೆಯ ಹಿಂದೆ ವ್ಯಾಪಾರ ಬಂತು, ವ್ಯಾಪಾರದ ಹಿಂದೆ ವಾಹನ ಬಂದವು. 2009ರ ಕೊನೆಯಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. 2012ರಲ್ಲಿ ಸಂಸತ್ತು ಸಂವಿಧಾನಕ್ಕೆ ತಿದ್ದುಪಡಿ ತಂದು 371(ಜೆ) ವಿಧಿಯಡಿ ಈ ಪ್ರದೇಶಕ್ಕೆ ವಿಶೇಷ ಸ್ಥಾನಮಾನ ನೀಡಿತು. ಗ್ರಾಮ ಪಂಚಾಯಿತಿಯಾಗಿದ್ದ ಕೆಂಭಾವಿ ಪುರಸಭೆಯಾಯಿತು. ಇಷ್ಟೆಲ್ಲ ಆದರೂ ಊರಿನ ನಡುಭಾಗ ಮಾತ್ರ ಎತ್ತಿನಬಂಡಿಯ ಕಾಲದ ಅಳತೆಯಲ್ಲೇ ಉಳಿಯುವುದು ಇಂತಹ ಊರುಗಳ ಸಾಮಾನ್ಯ ಅವಸ್ಥೆ. ಬದಲಾವಣೆ ಬೇಕು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಹಾಗಿದ್ದರೂ ಮಾರುಕಟ್ಟೆ ಪುನರ್ನಿರ್ಮಾಣ, ರಸ್ತೆ ಅಗಲೀಕರಣ ಎಂದ ಕೂಡಲೇ ಜನರ ಮುಖದಲ್ಲಿ ಸಂತೋಷಕ್ಕಿಂತ ಆತಂಕ ಮೂಡುವುದೇಕೆ? ಇದನ್ನು ಅಭಿವೃದ್ಧಿ ವಿರೋಧ ಎಂದು ತಳ್ಳಿಹಾಕುವುದು ಸುಲಭ. ಆದರೆ ಅವರ ಮಾತನ್ನು ಕಿವಿಗೊಟ್ಟು ಕೇಳಿದರೆ ಬೇರೆಯೇ ಚಿತ್ರ ಕಾಣುತ್ತದೆ. ಬಾಡಿಗೆ ಮಳಿಗೆಯ ಬಟ್ಟೆ ವ್ಯಾಪಾರಿಯ ಪ್ರಶ್ನೆ ಒಂದೇ: ಕೆಡವಿದ ಮೇಲೆ ಕಟ್ಟುವುದು ಎಂದು, ಕಟ್ಟಿದ ಮೇಲೆ ನನಗೆ ಜಾಗ ಎಲ್ಲಿ? ನೆಲದ ಮೇಲೆ ಗೋಣಿಚೀಲ ಹಾಸಿ ಸೊಪ್ಪು ಮಾರುವ ತಾಯಿಗೆ ಆ ಪ್ರಶ್ನೆ ಕೇಳುವ ಹಕ್ಕೂ ಇಲ್ಲ, ಏಕೆಂದರೆ ಆಕೆಯ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಇತ್ತ ಸಂತೆಗೆ ಬರುವ ಹೆಣ್ಣುಮಕ್ಕಳಿಗೆ ಶೌಚಾಲಯ ಬೇಕು, ಶಾಲೆಗೆ ಹೋಗುವ ಮಕ್ಕಳಿಗೆ ನಡೆಯಲು ದಾರಿ ಬೇಕು, ಆಂಬುಲೆನ್ಸ್ ಸಾಗಲು ರಸ್ತೆ ಬೇಕು. ಇವರೆಲ್ಲರ ಬೇಡಿಕೆಯೂ ನ್ಯಾಯವಾದುದೇ. ಇವುಗಳನ್ನು ಒಂದಕ್ಕೊಂದು ಎದುರು ನಿಲ್ಲಿಸುವುದು ಆಡಳಿತದ ಜಾಣ್ಮೆಯಲ್ಲ, ಅದರ ಸೋಲು.

ಜನರ ಅಪನಂಬಿಕೆಗೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮೈಸೂರಿನಲ್ಲಿ 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ನಾಲ್ಕು ವರ್ಷಗಳ ಬಳಿಕ, 2016ರ ಆಗಸ್ಟ್‌ನಲ್ಲಿ, ಅದೇ ನಗರದ ದೇವರಾಜ ಮಾರುಕಟ್ಟೆಯ ಉತ್ತರ ಭಾಗ ಕುಸಿಯಿತು. ಕೆಡವಿ ಹೊಸದಾಗಿ ಕಟ್ಟಬೇಕೋ, ಇರುವುದನ್ನೇ ದುರಸ್ತಿ ಮಾಡಬೇಕೋ ಎಂಬ ವಾದ ಸಮಿತಿಯಿಂದ ಸಮಿತಿಗೆ, ಅಲ್ಲಿಂದ ಹೈಕೋರ್ಟಿಗೆ ಹೋಯಿತು. ವರ್ಷಗಳು ಉರುಳಿದವು. ಅಷ್ಟೂ ಕಾಲ ನೂರಾರು ಮಳಿಗೆಗಳ ವ್ಯಾಪಾರಿಗಳು ಬಿರುಕು ಬಿಟ್ಟ ಗೋಡೆಗಳ ನಡುವೆಯೇ ಹೂವು, ಹಣ್ಣು, ಕುಂಕುಮ ಮಾರುತ್ತಾ ಕುಳಿತರು.

ಮಂಗಳೂರಿನ ಕೇಂದ್ರ ಮಾರುಕಟ್ಟೆಯದು ಇನ್ನೊಂದು ಬಗೆಯ ಪಾಠ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಕಾಲದಲ್ಲಿ, ಸಗಟು ವ್ಯಾಪಾರವನ್ನು ಬೈಕಂಪಾಡಿಯ ಎಪಿಎಂಸಿ ಪ್ರಾಂಗಣಕ್ಕೆ ಸಾಗಿಸಲಾಯಿತು. ಸೋಂಕು ತಡೆಯುವ ಕ್ರಮವೆಂದು ಆರಂಭವಾದ ಆ ಸ್ಥಳಾಂತರದ ಬೆನ್ನಿಗೇ ಹಳೆಯ ಕಟ್ಟಡವನ್ನು ಕೆಡವುವ ನಿರ್ಧಾರ ಹೊರಬಿತ್ತು. ವ್ಯಾಪಾರಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ತಾತ್ಕಾಲಿಕ ಎಂದು ಹೇಳಿ ಎಬ್ಬಿಸಿದವರನ್ನು ಮರಳಿ ಕೂರಿಸುವ ದಿನಾಂಕ ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ಮಹಾನಗರದ, ಸಂಘಟಿತ ವ್ಯಾಪಾರಿಗಳ ಪಾಡೇ ಹೀಗಾದರೆ ಸಣ್ಣ ಪಟ್ಟಣದ ಗೂಡಂಗಡಿಯವನ ಪಾಡೇನು?

ಇಲ್ಲಿ ಒಂದು ಸತ್ಯವನ್ನು ಸ್ಪಷ್ಟವಾಗಿ ಹೇಳಬೇಕು. ವಿಳಂಬವೂ ಒಂದು ನಿರ್ಧಾರವೇ. ಇಂದಲ್ಲ ನಾಳೆ ಕೆಡವುತ್ತೇವೆ ಎಂಬ ಕಟ್ಟಡಕ್ಕೆ ಪುರಸಭೆ ಸುಣ್ಣ ಬಳಿಸುವುದಿಲ್ಲ, ಸೋರುವ ಛಾವಣಿ ಸರಿಪಡಿಸುವುದಿಲ್ಲ. ಬಾಡಿಗೆದಾರ ತನ್ನ ಕೈಯಿಂದ ಖರ್ಚು ಮಾಡಲು ಹೆದರುತ್ತಾನೆ. ನಾಳೆ ಇರುತ್ತದೋ ಇಲ್ಲವೋ ಎಂಬ ಅಂಗಡಿಯನ್ನು ನೆಚ್ಚಿ ಸಾಲ ಕೊಡಲು ಯಾರೂ ಮುಂದೆ ಬರುವುದಿಲ್ಲ. ಕಟ್ಟಡ ಮತ್ತಷ್ಟು ಶಿಥಿಲವಾಗುತ್ತದೆ. ಕೊನೆಗೆ ಅದೇ ಶಿಥಿಲತೆಯನ್ನು ತೋರಿಸಿ, ತುರ್ತು ಎಂದು ಹೇಳಿ, ಬೆಳಗಾಗುವುದರೊಳಗೆ ಜೆಸಿಬಿ ತರಲಾಗುತ್ತದೆ. ಹತ್ತು ವರ್ಷ ಇಲ್ಲದ ಅವಸರ ಒಂದೇ ರಾತ್ರಿಯಲ್ಲಿ ಎಲ್ಲಿಂದ ಬಂತು?

ಕಟ್ಟಿದ ಮೇಲಾದರೂ ನ್ಯಾಯ ಸಿಗುತ್ತದೆಯೇ? 1979-80ರಲ್ಲಿ ಕೇಂದ್ರ ಸರಕಾರವು ಸಣ್ಣ ಮತ್ತು ಮಧ್ಯಮ ಪಟ್ಟಣಗಳ ಸಮಗ್ರ ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. ಅದರ ಹಣದಲ್ಲಿ ಅನೇಕ ಊರುಗಳಲ್ಲಿ ವಾಣಿಜ್ಯ ಸಂಕೀರ್ಣಗಳು ಎದ್ದವು. ಸ್ಥಳೀಯ ಸಂಸ್ಥೆಗೆ ಆದಾಯ ಬರಲಿ ಎಂಬ ಉದ್ದೇಶ ತಪ್ಪಲ್ಲ. ಆದರೆ ಮಳಿಗೆ ಹರಾಜಿಗೆ ಬಂದಾಗ ಗೆಲ್ಲುವವನು ಹೆಚ್ಚು ಹಣವಿದ್ದವನೇ ಹೊರತು ಅಲ್ಲಿ ಮೂವತ್ತು ವರ್ಷ ಕುಳಿತವನಲ್ಲ. ಹರಾಜಿನಲ್ಲಿ ಹಿಡಿದ ಮಳಿಗೆಯನ್ನು ದುಪ್ಪಟ್ಟು ಬಾಡಿಗೆಗೆ ಒಳಗೊಳಗೇ ಬಿಟ್ಟುಕೊಡುವ ದಂಧೆಯೂ ನಮಗೆ ತಿಳಿಯದ್ದೇನಲ್ಲ. ಹೊಲಿಗೆಯವನು, ಬಳೆಗಾರ, ಮೊಟ್ಟೆ ಮಾರುವವನು, ಚಪ್ಪಲಿ ಹೊಲಿಯುವವನು ಮತ್ತೆ ಬೀದಿಗೇ ಬರುತ್ತಾರೆ. ಆಮೇಲೆ ಅವರನ್ನೇ ಅತಿಕ್ರಮಣಕಾರರೆಂದು ಕರೆಯಲಾಗುತ್ತದೆ.

ಕಾನೂನು ಇವರ ಪರವಾಗಿಲ್ಲವೇ? ಇದೆ. ಬೀದಿಬದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆಗಾಗಿ 2014ರಲ್ಲಿ ಸಂಸತ್ತು ಕಾಯ್ದೆಯೊಂದನ್ನು ಮಾಡಿತು. ಅದರಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಿಗೆ ಸೇರಬೇಕು. ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು, ಅಂಗವಿಕಲರಿಗೂ ಪ್ರಾತಿನಿಧ್ಯ ದೊರೆಯಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ವಿತರಣೆಯಾಗುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಸ್ಥಳಾಂತರಕ್ಕೆ 30 ದಿನಗಳ ನೋಟಿಸ್ ಕಡ್ಡಾಯ. ಬೀದಿ ವ್ಯಾಪಾರಿಗಳು 50 ವರ್ಷಗಳಿಗಿಂತ ಹೆಚ್ಚು ಕಾಲ ವ್ಯಾಪಾರ ನಡೆಸಿದ ಸ್ಥಳವನ್ನು ಪಾರಂಪರಿಕ ಮಾರುಕಟ್ಟೆಯೆಂದು ಘೋಷಿಸಿ ಅವರನ್ನು ಅಲ್ಲಿಯೇ ಉಳಿಸಬೇಕೆಂದೂ ಆ ಕಾಯ್ದೆ ಹೇಳುತ್ತದೆ. ಅಜ್ಜನ ಕಾಲದಿಂದ ವಾರದ ಸಂತೆ ಸೇರುತ್ತಿರುವ ನಮ್ಮ ಊರುಗಳಿಗೆ ಇದಕ್ಕಿಂತ ದೊಡ್ಡ ಆಸರೆ ಬೇಕೇ? ವಿಪರ್ಯಾಸವೆಂದರೆ, ಈ ಆಸರೆ ಇದೆಯೆಂಬುದೇ ಅದಕ್ಕೆ ಅರ್ಹರಾದವರಿಗೆ ತಿಳಿದಿಲ್ಲ.

2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬುಲ್ಡೋಜರ್ ಕಾರ್ಯಾಚರಣೆಗೆ ಕಡಿವಾಣ ಹಾಕಿ, ಕಟ್ಟಡ ಕೆಡವುವ ಮುನ್ನ 15 ದಿನಗಳ ನೋಟಿಸ್ ನೀಡಬೇಕೆಂದಿತು. ಆದರೆ ರಸ್ತೆ, ಪಾದಚಾರಿ ಮಾರ್ಗದಂತಹ ಸಾರ್ವಜನಿಕ ಸ್ಥಳದಲ್ಲಿನ ಅನಧಿಕೃತ ನಿರ್ಮಾಣಗಳಿಗೆ ಆ ರಕ್ಷಣೆ ಅನ್ವಯಿಸದು ಎಂಬುದನ್ನೂ ಮರೆಯಬಾರದು. ಆದ್ದರಿಂದ ಗೂಡಂಗಡಿಯವನ ನಿಜವಾದ ರಕ್ಷಣೆ ಇರುವುದು ಸಮೀಕ್ಷೆಯಲ್ಲಿ ಮತ್ತು ಪ್ರಮಾಣಪತ್ರದಲ್ಲಿ. ಕಾಗದ ಇದ್ದವನಿಗೆ ಮಾತ್ರ ಕಾನೂನು ಕೈ ಹಿಡಿಯುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮ ಬೆನ್ನನ್ನೂ ನಾವು ನೋಡಿಕೊಳ್ಳಬೇಕಾಗಿದೆ. ಅಂಗಡಿಯ ಮುಂದೆ ಚರಂಡಿಯ ಮೇಲೆ ಕಲ್ಲುಚಪ್ಪಡಿ ಎಳೆದವರಾರು? ಆ ಚಪ್ಪಡಿಯ ಮೇಲೆ ಸಾಮಾನು ಪೇರಿಸಿ, ಅದರಾಚೆ ಬೈಕು ನಿಲ್ಲಿಸಿ, ನಡೆಯುವವರನ್ನು ಲಾರಿಯ ಗಾಲಿಯತ್ತ ತಳ್ಳಿದವರಾರು? ದಾರಿಯಲ್ಲಿರುವ ತೊಡಕನ್ನು ತೆಗೆದುಹಾಕುವುದು ವಿಶ್ವಾಸದ ಒಂದು ಭಾಗವೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ನಾವೇ ದಾರಿಯ ತೊಡಕಾದರೆ ಯಾವ ಮುಖದಿಂದ ನ್ಯಾಯ ಕೇಳುವುದು? ಹಕ್ಕಿನ ಜಾಗ ಬೇರೆ, ಆಕ್ರಮಿಸಿದ ಜಾಗ ಬೇರೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಹೋರಾಡಿದರೆ ಹಕ್ಕೂ ಕೈ ಜಾರುತ್ತದೆ. ಪ್ರತಿ ಜಮಾಅತ್, ಪ್ರತಿ ವ್ಯಾಪಾರಿ ಸಂಘ ಮೊದಲು ತನ್ನ ಸದಸ್ಯರಿಗೆ ಇದನ್ನು ಹೇಳುವ ಧೈರ್ಯ ತೋರಬೇಕು. ಬಳಿಕ ಧರ್ಮ, ಜಾತಿಯ ಗೆರೆ ಎಳೆಯದೆ ಎಲ್ಲ ವ್ಯಾಪಾರಿಗಳನ್ನೂ ಒಟ್ಟುಗೂಡಿಸಬೇಕು. ಜೆಸಿಬಿ ಕೆಡವುವಾಗ ಅಂಗಡಿಯ ಫಲಕದ ಮೇಲಿನ ಹೆಸರು ಓದುವುದಿಲ್ಲ ಎಂದು ನಂಬಲು ಎಲ್ಲರಿಗೂ ಇಷ್ಟ. ಅದು ಓದದಂತೆ ನೋಡಿಕೊಳ್ಳಬಲ್ಲದ್ದು ಈ ಒಗ್ಗಟ್ಟು ಮಾತ್ರ.

ಪುರಸಭೆಗಳಿಂದ ಕೇಳಬೇಕಾದುದು ದೊಡ್ಡದೇನಲ್ಲ. ಇಂದು ವ್ಯಾಪಾರ ಮಾಡುತ್ತಿರುವವರ ಹೆಸರುಗಳ ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸಲಿ. ಕೆಡವುವ ಮೊದಲು ತಾತ್ಕಾಲಿಕ ಜಾಗವನ್ನು ನೀರು, ನೆರಳು, ಶೌಚಾಲಯ ಸಹಿತ ಸಿದ್ಧಪಡಿಸಲಿ. ಮರಳಿ ಬರುವ ದಿನಾಂಕ ಮತ್ತು ಬಾಡಿಗೆಯನ್ನು ಲಿಖಿತವಾಗಿ ಕೊಡಲಿ. ನಕ್ಷೆಯನ್ನು ಕನ್ನಡದಲ್ಲಿ ಬರೆದು ಸಂತೆಯ ದಿನವೇ ಜನರ ಮುಂದಿಡಲಿ. ಇದಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ, ಮನಸ್ಸು ಬೇಕು. ದೊಡ್ಡ ನಗರಗಳು ಎಡವಿದ ಕಲ್ಲು ಯಾವುದೆಂದು ಕೆಂಭಾವಿಯಂತಹ ಹೊಸ ಪುರಸಭೆಗಳ ಕಣ್ಣಮುಂದಿದೆ. ಅದನ್ನು ಎಡವದೆ ನಡೆಯುವ ಅವಕಾಶವೂ ಇದೆ.

ಕೆಂಭಾವಿಗೆ ಶರಣ ಭೋಗಯ್ಯನ ಹೆಸರು ಅಂಟಿಕೊಂಡಿದೆ. ಅಸ್ಪೃಶ್ಯನೆನಿಸಿದ ಅತಿಥಿಗೆ ಮನೆಯಲ್ಲಿ ಉಣಬಡಿಸಿದ ತಪ್ಪಿಗೆ ಊರ ಹಿರಿಯರು ಅವನನ್ನು ಹೊರಗಟ್ಟಿದರೆಂದೂ, ಅವನು ಹೊರಟಾಗ ಊರಿನ ಲಿಂಗಗಳೆಲ್ಲ ಅವನ ಹಿಂದೆಯೇ ಹೊರಟವೆಂದೂ ಐತಿಹ್ಯ ಹೇಳುತ್ತದೆ. ಕಥೆಯನ್ನು ನಂಬುವುದು, ಬಿಡುವುದು ಅವರವರಿಗೆ ಸೇರಿದ್ದು. ಆದರೆ ಅದರ ಎಚ್ಚರಿಕೆ ಎಲ್ಲರಿಗೂ ಸೇರಿದ್ದು. ತನ್ನ ಬಡವರನ್ನು ಹೊರಗಟ್ಟಿದ ಊರಿನಲ್ಲಿ ಕಟ್ಟಡಗಳು ಉಳಿಯಬಹುದು, ಊರು ಉಳಿಯುವುದಿಲ್ಲ.